110 ಇದ್ದದ್ದು 143 ಆಯ್ತಾ?

ನಮ್ಮ ಹೊಸದುರ್ಗದ ಕಡೆ ಎಚ್‌ಪಿ ಅಂದ್ರೆ ಮೊದಲು ನೆನಪಾಗೋದು ಬೋರ್‌ವೆಲ್ ಮೋಟರು. ಕಾರು ಆಮೇಲೆ. ತೆಂಗು, ಅಡಿಕೆ, ದಾಳಿಂಬೆ ಇರುವ ಯಾವ ಮನೆಗೆ ಹೋಗಿ ಕೇಳಿದರೂ ಐದು ಎಚ್‌ಪಿ, ಏಳೂವರೆ ಎಚ್‌ಪಿ, ಹತ್ತು ಎಚ್‌ಪಿ ಅಂತ ಸಣ್ಣ ಮಕ್ಕಳೂ ಹೇಳುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ಕರೆಂಟ್ ಕೊಡೋದರಿಂದ ಆ ಸಂಖ್ಯೆಗೆ ನಮ್ಮಲ್ಲಿ ಬೇರೆಯೇ ಬೆಲೆ.

ಆದರೆ ನಮ್ಮ ರೈತರು ಮೋಟರಿನ ತಗಡಿನ ಮೇಲೆ ಬರೆದ ಎಚ್‌ಪಿಯನ್ನು ಪೂರ್ತಿ ನಂಬುವವರಲ್ಲ. ಅವರು ನೋಡೋದು ಪೈಪಿನ ಬಾಯಲ್ಲಿ ಎಷ್ಟು ಇಂಚು ನೀರು ಬಂತು ಅಂತ. ಲೆಕ್ಕ ಹಾಕಿದರೆ, 100 ಮೀಟರ್ ಆಳದಿಂದ ಸೆಕೆಂಡಿಗೆ 2 ಲೀಟರ್ ನೀರು ಎತ್ತೋಕೆ ಸುಮಾರು 2.6 ಎಚ್‌ಪಿ ಸಾಕು. ಆದರೂ ಅಲ್ಲಿ 5 ಎಚ್‌ಪಿ ಮೋಟರು ಇಳಿಸುತ್ತಾರೆ. ಉಳಿದದ್ದು ಪಂಪಿನೊಳಗೆ, ಪೈಪಿನ ಉಜ್ಜಾಟದಲ್ಲಿ, ಬಿಸಿಯಾಗಿ ಹೋಗುತ್ತೆ. ಬರೆದದ್ದು ಒಂದು, ಕೈಗೆ ಸಿಕ್ಕಿದ್ದು ಒಂದು. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದೇ ಜನ ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಕಾಗದದ ಸಂಖ್ಯೆಗೆ ಯಾಕೆ ಮರುಳಾಗ್ತಾರೋ!

ಈ ಮಾತು ಬಂದಿದ್ದು ನನ್ನ ತಮ್ಮನಿಂದ. ಅವನಿಗೆ ಹೊಸದುರ್ಗದಲ್ಲಿ ಡ್ರಿಪ್ ಪೈಪಿನ ಅಂಗಡಿ. ಎರಡು ವರ್ಷದ ಹಿಂದೆ 2021ರ ಪೋಲೊ ಸೆಕೆಂಡ್ ಹ್ಯಾಂಡ್ ತಗೊಂಡ. 1.0 ಟಿಎಸ್‌ಐ, ಅಂದ್ರೆ ಟರ್ಬೊ ಇರುವ ಒಂದು ಲೀಟರಿನ ಪೆಟ್ರೋಲ್ ಎಂಜಿನ್, ಆರು ಗೇರು. ಕಂಪನಿ ಲೆಕ್ಕದಲ್ಲಿ 110 ಪಿಎಸ್. ಅಂಗಡಿ ಮುಚ್ಚಿದ ಮೇಲೆ ಅದನ್ನು ಒರೆಸಿ ನಿಲ್ಲಿಸೋದೇ ಅವನಿಗೆ ಪೂಜೆ. ಹೋದ ವರ್ಷದ ಕೊನೆಯಲ್ಲಿ ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಯ ಜಾಹೀರಾತು ನನಗೆ ಕಳಿಸಿದ. ಅವನದೇ ಮಾಡೆಲ್ ಕಾರು, ಎರಡೇ ಸಂಖ್ಯೆ, ಮಧ್ಯೆ ಬಾಣದ ಗುರುತು: 110ರಿಂದ 143. ಬೆಲೆ 38 ಸಾವಿರ. ಇಷ್ಟವಾಗದಿದ್ದರೆ 10 ದಿನದೊಳಗೆ ಹಣ ವಾಪಸ್.

"ಅಕ್ಕ, 33 ಎಚ್‌ಪಿ ಜಾಸ್ತಿ. ಒಂದು ಪಾರ್ಟೂ ಬಿಚ್ಚಲ್ಲ. ಲ್ಯಾಪ್‌ಟಾಪ್ ಹಾಕ್ತಾರೆ, ಒಂದು ಗಂಟೇಲಿ ಮುಗೀತು."

ವಿಷಯ 38 ಸಾವಿರಕ್ಕೇ ನಿಲ್ಲುವಂತಿರಲಿಲ್ಲ. ಇದು ಸ್ಟೇಜ್ 1. ಇದು ಚೆನ್ನಾಗಿ ಬಂದರೆ ಸ್ಟೇಜ್ 2 ಮಾಡಿಸಬೇಕು, ಅದಕ್ಕೆ ಹೊಸ ಎಕ್ಸಾಸ್ಟ್, ದೊಡ್ಡ ಇಂಟರ್‌ಕೂಲರ್, ಎಲ್ಲ ಸೇರಿ 1 ಲಕ್ಷ 40 ಸಾವಿರ, ಅದನ್ನು ಪರ್ಸನಲ್ ಲೋನ್ ತಗೊಂಡು ಮಾಡಿಸಬೇಕು ಅಂತ ಅವನ ಪ್ಲಾನು. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಅಪ್ಪನಿಗೆ ಅರ್ಧ ಗೊತ್ತಿತ್ತು.

ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಕ್ಯಾಲಿಬ್ರೇಶನ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆಗಳ ಥರ್ಮಾಮೀಟರು, ಪ್ರೆಶರ್ ಗೇಜು ಸರಿಯಾಗಿ ತೋರಿಸುತ್ತಾವಾ ಅಂತ ಪರೀಕ್ಷೆ ಮಾಡೋದೇ ನನ್ನ ದಿನದ ಕೆಲಸ. ಹಾಗಾಗಿ ಅವನಿಗೆ ಬೇಡ ಅನ್ನಲಿಲ್ಲ. ಒಂದೇ ಷರತ್ತು ಹಾಕಿದೆ: "ಮಾಡಿಸು. ಆದರೆ ಮಾಡಿಸೋಕೆ ಮುಂಚೆ ಒಂದು ಸಲ ಅಳೆಯೋಣ."

ಲ್ಯಾಪ್‌ಟಾಪ್ ಹಾಕಿ ಏನು ಮಾಡ್ತಾರೆ?

ಮೊದಲು ಇದನ್ನು ಸ್ವಲ್ಪ ತಿಳ್ಕೊಳ್ಳಿ. ಎಂಜಿನ್ ಸುಡೋದು ಪೆಟ್ರೋಲನ್ನು, ಆದರೆ ಎಷ್ಟು ಸುಡಬಹುದು ಅನ್ನೋದನ್ನು ನಿರ್ಧರಿಸೋದು ಗಾಳಿ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಸಣ್ಣ ಚಕ್ರ ತಿರುಗಿಸಿ, ಆ ಚಕ್ರದಿಂದ ಇನ್ನೊಂದು ಚಕ್ರ ತಿರುಗಿಸಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬೋದು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಷಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದರು. ಇವತ್ತಿನ ಕಾರಿನಲ್ಲಿ ಎಷ್ಟು ಒತ್ತಡ ಕೊಡಬೇಕು, ಕಿಡಿ ಯಾವಾಗ ಹಾರಿಸಬೇಕು, ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋದೆಲ್ಲ ಇಸಿಯು ಎಂಬ ಕಂಪ್ಯೂಟರಿನಲ್ಲಿ ಕೋಷ್ಟಕಗಳಾಗಿ ಇರುತ್ತೆ. ಅದಕ್ಕೆ ಮ್ಯಾಪ್ ಅಂತಾರೆ. ಕಂಪನಿಯವರು ಸ್ವಲ್ಪ ಜಾಗ ಉಳಿಸಿಕೊಂಡೇ ಆ ಮ್ಯಾಪ್ ಬರೆದಿರುತ್ತಾರೆ: ಬಿಸಿಲಿಗೆ, ಕಳಪೆ ಪೆಟ್ರೋಲಿಗೆ, ಹೊಗೆ ನಿಯಮಕ್ಕೆ, ಲಕ್ಷ ಕಿಲೋಮೀಟರ್ ಬಾಳಿಕೆಗೆ. ರೀಮ್ಯಾಪ್ ಅಂದ್ರೆ ಆ ಉಳಿಸಿದ ಜಾಗದಿಂದ ಸ್ವಲ್ಪ ತಗೊಳ್ಳೋದು. ಟರ್ಬೊ ಇಲ್ಲದ ಕಾರಿಗೆ ಇದರಿಂದ ಹೆಚ್ಚು ಲಾಭ ಇಲ್ಲ. ಟರ್ಬೊ ಕಾರಿಗೆ ಒತ್ತಡ ಏರಿಸಬಹುದಾದ್ದರಿಂದ ಲಾಭ ಇದ್ದೇ ಇರುತ್ತೆ.

ಅಂದ್ರೆ ಹೆಚ್ಚುತ್ತಾ ಅನ್ನೋದು ಪ್ರಶ್ನೆಯೇ ಅಲ್ಲ. ಎಷ್ಟು ಹೆಚ್ಚುತ್ತೆ ಅನ್ನೋದು ಪ್ರಶ್ನೆ.

"ಓಡಿಸಿದ್ರೆ ಗೊತ್ತಾಗುತ್ತೆ ಬಿಡಕ್ಕ" ಅಂದ ತಮ್ಮ. ಗೊತ್ತಾಗಲ್ಲ. ರೀಮ್ಯಾಪ್ ಮಾಡುವಾಗ ಎಷ್ಟೋ ಸಲ ಆಕ್ಸಿಲರೇಟರ್ ಪೆಡಲಿನ ಲೆಕ್ಕವನ್ನೂ ಬದಲಾಯಿಸುತ್ತಾರೆ. ಮೊದಲು ಅರ್ಧ ಒತ್ತಿದಾಗ ಸಿಗುತ್ತಿದ್ದ ಎಳೆತ ಈಗ ಕಾಲು ಭಾಗ ಒತ್ತಿದಾಗಲೇ ಸಿಗುತ್ತೆ. ಗಾಡಿ ಜಿಗಿದ ಹಾಗೆ ಅನಿಸುತ್ತೆ. ಪೂರ್ತಿ ಒತ್ತಿದಾಗ ಶಕ್ತಿ ಅಷ್ಟೇ ಇದ್ದರೂ ಬೆನ್ನಿಗೆ ಬೇರೆ ಅನಿಸುತ್ತೆ. ಅದರ ಮೇಲೆ 38 ಸಾವಿರ ಕೊಟ್ಟ ಮನಸ್ಸು ಬೇರೆ!

ತಕ್ಕಡಿ ಬದಲಾಗಬಾರದು

ಹೆಚ್ಚಳ ಅನ್ನೋದು ಒಂದು ಕಳೆಯುವ ಲೆಕ್ಕ. ಆಮೇಲಿನದರಲ್ಲಿ ಮೊದಲಿನದನ್ನು ಕಳೀಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರೆ ಮಾತ್ರ ಆ ಲೆಕ್ಕಕ್ಕೆ ಅರ್ಥ. ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ 89 ವರ್ಷ ಆದ ಮೇಲೆ 2022ರಲ್ಲಿ ಕೋಡಿ ಬಿತ್ತು. ಆವತ್ತು ಊರಿಗೆ ಊರೇ ನೋಡೋಕೆ ಹೋಗಿತ್ತು. ಎರಡು ಸಲವೂ ನೀರು ಮೀರಿದ್ದು ಅದೇ 130 ಅಡಿಯ ಕೋಡಿಯನ್ನು. ಹಾಗಾಗಿಯೇ ಅಜ್ಜನ ಕಾಲದ ನೀರಿಗೂ ನಮ್ಮ ಕಾಲದ ನೀರಿಗೂ ಹೋಲಿಕೆ ಸಾಧ್ಯ ಆಯ್ತು. ಮಧ್ಯದಲ್ಲಿ ಯಾರೋ ಕೋಡಿಯನ್ನು ಹತ್ತಡಿ ತಗ್ಗಿಸಿದ್ದರೆ 'ಕೋಡಿ ಬಿತ್ತು' ಅನ್ನೋ ಮಾತಿಗೆ ಏನು ಬೆಲೆ?

ಸಂಕ್ರಾಂತಿಗೆ ಊರಿಗೆ ಹೋದಾಗ ಮೊದಲ ಅಳತೆ ಮಾಡಿದೆವು. ಏರ್ ಫಿಲ್ಟರ್ ಹೊಸದು ಹಾಕಿಸಿದೆ. ನಮ್ಮ ಕಡೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತೆ. ಹಳೆಯ ಫಿಲ್ಟರಿನಲ್ಲಿ ಮೊದಲ ಅಳತೆ, ಹೊಸ ಫಿಲ್ಟರಿನಲ್ಲಿ ಎರಡನೇ ಅಳತೆ ಆದರೆ ಫಿಲ್ಟರಿನ ಲಾಭವೂ ರೀಮ್ಯಾಪಿನ ಖಾತೆಗೆ ಹೋಗಿಬಿಡುತ್ತೆ. ಟೈರಿನ ಗಾಳಿ ನೋಡಿದೆವು. ಒಂದೇ ಬಂಕು, ಒಂದೇ ಪೆಟ್ರೋಲು, ಅರ್ಧ ಟ್ಯಾಂಕು. ಪೂರ್ತಿ ಟ್ಯಾಂಕಿಗೂ ಅರ್ಧ ಟ್ಯಾಂಕಿಗೂ ಈ ಕಾರಿನಲ್ಲಿ ಸುಮಾರು 17 ಕೆಜಿ ವ್ಯತ್ಯಾಸ. ಆಮೇಲೆ ಮೆಕ್ಕೆಜೋಳದ ಲೋಡು ತೂಗುವ ವೇ ಬ್ರಿಡ್ಜ್ ಮೇಲೆ ನಾವಿಬ್ಬರೂ ಕೂತುಕೊಂಡೇ ಕಾರು ನಿಲ್ಲಿಸಿದೆವು. 1,240 ಕೆಜಿ. ಅಲ್ಲಿದ್ದ ಹುಡುಗ ಚೀಟಿ ಕೊಡುವಾಗ "ಏನ್ ಮಾಲು ಅಂತ ಬರೀಲಿ ಅಕ್ಕ?" ಅಂದ. "ಅಕ್ಕ ತಮ್ಮ ಅಂತ ಬರಿಯಪ್ಪ" ಅಂದೆ.

ಬೆಳಿಗ್ಗೆ ಆರೂವರೆಗೆ ಹಿರಿಯೂರು ದಾಟಿ ಚಿತ್ರದುರ್ಗದ ಕಡೆಯ ಹೆದ್ದಾರಿಗೆ ಹೋದೆವು. ಒಂದು ನೇರ ಜಾಗ, ಎರಡು ಕಿಲೋಮೀಟರ್ ಕಲ್ಲುಗಳ ಮಧ್ಯೆ, ಗಾಡಿ ಕಡಿಮೆ ಇರುವ ಹೊತ್ತು. ಮೂರನೇ ಗೇರಿನಲ್ಲಿ 60ರಿಂದ 100ಕ್ಕೆ ಹೋಗೋಕೆ ಎಷ್ಟು ಸೆಕೆಂಡು ಅಂತ ನೋಡೋದು, ಅಷ್ಟೇ. 100ರ ಮೇಲೆ ಹೋಗೋದು ಬೇಡ, ಅದು ಅಲ್ಲಿನ ವೇಗದ ಮಿತಿ. ಅಳತೆಗೆ ಅಷ್ಟು ಸಾಕು. ಗೇರು ಬದಲಾಯಿಸಬಾರದು. ಬದಲಾಯಿಸಿದರೆ ಎಂಜಿನ್ ಬಿಟ್ಟು ಡ್ರೈವರಿನ ಕಾಲನ್ನು ಅಳೆದ ಹಾಗಾಗುತ್ತೆ.

ಸ್ಪೀಡೊಮೀಟರ್ ನಂಬಲಿಲ್ಲ. ಅದು ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ. ಇವನ ಕಾರಿನಲ್ಲಿ ಮುಳ್ಳು 100 ತೋರಿಸುವಾಗ ಜಿಪಿಎಸ್‌ನಲ್ಲಿ 96. ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಓದುತ್ತೆ, ಆರು ಸೆಕೆಂಡಿನ ಕೆಲಸಕ್ಕೆ ಅದು ಒರಟು. ಸ್ನೇಹಿತೆಯಿಂದ ಸೆಕೆಂಡಿಗೆ 10 ಸಲ ಓದುವ ಜಿಪಿಎಸ್ ಲಾಗರ್ ತಂದಿದ್ದೆ. ಓಡಿಸೋನು ಅವನು, ಲ್ಯಾಪ್‌ಟಾಪ್ ನನ್ನ ತೊಡೆ ಮೇಲೆ. ಓಡಿಸುವವರೇ ಅಂಕೆ ನೋಡುವುದು ಬೇಡವೇ ಬೇಡ.

ಇನ್ನೊಂದು ನಿಯಮ, ಹೋಗುವಾಗ ಮೂರು ಸಲ, ವಾಪಸ್ ಬರುವಾಗ ಮೂರು ಸಲ. ಕಣ್ಣಿಗೆ ಸಮತಟ್ಟಾಗಿ ಕಾಣೋ ರಸ್ತೆಯೂ ಸಮತಟ್ಟಲ್ಲ. ಗಾಳಿಯ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಬೆಟ್ಟದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಾಗಿದ್ದರೆ ಈ ಅಳತೆ ಸಾಧ್ಯವೇ ಇರಲಿಲ್ಲ. ಜನವರಿಯ ಮುಂಜಾನೆ ಗಾಳಿ ಕಡಿಮೆ, ಚಳಿ 18 ಡಿಗ್ರಿ.

ಚಿತ್ರದುರ್ಗದ ದಿಕ್ಕಿಗೆ 6.5, 6.6, 6.5 ಸೆಕೆಂಡು. ಹಿರಿಯೂರಿನ ದಿಕ್ಕಿಗೆ 7.1, 7.0, 7.1. ಸರಾಸರಿ 6.8. ನೋಡಿ, ಒಂದೇ ಕಾರು, ಒಂದೇ ಬೆಳಿಗ್ಗೆ, ದಿಕ್ಕು ಬದಲಾದದ್ದಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ವ್ಯತ್ಯಾಸ.

ಕೊನೆಗೆ ಗೇರು ತೆಗೆದು ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಟ್ಟು, 85ರಿಂದ 75ಕ್ಕೆ ಇಳಿಯೋಕೆ ಎಷ್ಟು ಹೊತ್ತು ಅಂತಲೂ ನೋಡಿದೆವು. ಎರಡೂ ದಿಕ್ಕಿನ ಸರಾಸರಿ 11 ಸೆಕೆಂಡು. ಗಾಳಿ ಮತ್ತು ಟೈರು ಎಷ್ಟು ಶಕ್ತಿ ತಿನ್ನುತ್ತೆ ಅನ್ನೋದು ಇದರಿಂದ ಸಿಗುತ್ತೆ.

ಸೆಕೆಂಡಿನಿಂದ ಎಚ್‌ಪಿಗೆ

ರೀಮ್ಯಾಪ್ ಆದ ಮಾರನೇ ಭಾನುವಾರ ಅದೇ ಜಾಗ, ಅದೇ ಹೊತ್ತು, 19 ಡಿಗ್ರಿ. ವೇ ಬ್ರಿಡ್ಜಿನಲ್ಲಿ ಮತ್ತೆ 1,240. ತಮ್ಮ ಹಿಂದಿನ ದಿನ ಬೆಂಗಳೂರಿನಿಂದ 200 ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದ, ದಾರಿಯುದ್ದಕ್ಕೂ ಫೋನಿನಲ್ಲಿ "ಬೇರೆ ಗಾಡೀನೇ ಅಕ್ಕ ಇದು" ಅಂತಲೇ ಇದ್ದ. ಅವನ ಕೈಯಲ್ಲಿ ಅವನದೇ ಕಾರಿನ ಡೈನೊ ಕಾಗದವೂ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ 143.

ಚಿತ್ರದುರ್ಗದ ದಿಕ್ಕಿಗೆ 5.5, 5.4, 5.5. ಹಿರಿಯೂರಿನ ದಿಕ್ಕಿಗೆ 5.9, 5.9, 6.0. ಸರಾಸರಿ 5.7 ಸೆಕೆಂಡು.

ಹೆಚ್ಚಾಗಿದ್ದು ನಿಜ. 1.1 ಸೆಕೆಂಡು ಸಣ್ಣದಲ್ಲ, ಲಾರಿ ಓವರ್‌ಟೇಕ್ ಮಾಡುವಾಗ ಅದರ ಬೆಲೆ ಗೊತ್ತಾಗುತ್ತೆ. ಆದರೆ ಎಷ್ಟು ಎಚ್‌ಪಿ?

ಒಂದು ಮೆಟ್ರಿಕ್ ಎಚ್‌ಪಿ, ಅಂದ್ರೆ ಪಿಎಸ್, 75 ಕೆಜಿ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತುವ ಶಕ್ತಿ, 735.5 ವ್ಯಾಟ್. ಎತ್ತು ಕಟ್ಟಿ ಕಪಿಲೆಯಲ್ಲಿ ನೀರು ಸೇದಿದ ಅಜ್ಜಂದಿರಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು. 1,240 ಕೆಜಿಯನ್ನು 60ರಿಂದ 100 ಕಿಲೋಮೀಟರ್ ವೇಗಕ್ಕೆ ಏರಿಸೋಕೆ ಸುಮಾರು 3,06,000 ಜೌಲ್ ಬೇಕು. ಶಾಲೆಯಲ್ಲಿ ಕಲಿತ ಸೂತ್ರವೇ, ತೂಕದ ಅರ್ಧ ಗುಣಿಸು ವೇಗದ ವರ್ಗ. ಇದನ್ನು 6.8 ಸೆಕೆಂಡಿನಿಂದ ಭಾಗಿಸಿದರೆ 45 ಕಿಲೋವ್ಯಾಟ್. 5.7ರಿಂದ ಭಾಗಿಸಿದರೆ 53.7. ಎರಡಕ್ಕೂ ಗಾಳಿ ಮತ್ತು ಟೈರು ತಿನ್ನುವ 7 ಕಿಲೋವ್ಯಾಟ್ ಸೇರಿಸಿ. ಮೊದಲು 52, ಈಗ ಸುಮಾರು 60.7.

ಇದು ಕಂಪನಿಯ 110 ಪಿಎಸ್‌ಗೆ ಹೊಂದಲ್ಲ, ಹೊಂದಬೇಕಾಗೂ ಇಲ್ಲ. 110 ಅನ್ನೋದು ಎಂಜಿನ್ ತನ್ನ ತುದಿಯ ಆರ್‌ಪಿಎಂನಲ್ಲಿ ಕೊಡೋದು. ನಾವು ಅಳೆದದ್ದು ಕಡಿಮೆ ಆರ್‌ಪಿಎಂನಿಂದ ಮೇಲಕ್ಕೆ ಹೋಗುವಾಗ ಚಕ್ರಕ್ಕೆ ತಲುಪಿದ ಸರಾಸರಿ. ಆದರೆ ಎರಡು ಸಲವೂ ಅದನ್ನೇ ಅಳೆದೆವು. 52ರಿಂದ 60.7 ಅಂದ್ರೆ 17% ಹೆಚ್ಚು. ಓಟದಿಂದ ಓಟಕ್ಕೆ ಇದ್ದ 0.1 ಸೆಕೆಂಡಿನ ಏರುಪೇರು ಲೆಕ್ಕಕ್ಕೆ ಹಿಡಿದರೂ 15ರಿಂದ 19ರೊಳಗೆ.

ಕಾಗದ ಹೇಳಿದ್ದು 110ರಿಂದ 143, ಅಂದ್ರೆ 30%.

ತಮ್ಮನ ಮುಖ ಸಣ್ಣದಾಯ್ತು. "ನಿನ್ನ ಲೆಕ್ಕದಲ್ಲೇ ಏನೋ ಬಿಟ್ಟೋಗಿರ್ಬೇಕು" ಅಂದ. ಅವನು ಹಾಗೆ ಅಂದದ್ದು ಸರಿಯೇ. ಎರಡು ಅಳತೆ ಜಗಳ ಆಡಿದರೆ ಎರಡನ್ನೂ ಅನುಮಾನಿಸಬೇಕು.

ಒಂದು ತಮಾಷೆ ಅವನಿಗೆ ತೋರಿಸಿದೆ. ಮೊದಲ ದಿನದ ಅತಿ ನಿಧಾನದ ಓಟ 7.1, ಎರಡನೇ ದಿನದ ಅತಿ ವೇಗದ ಓಟ 5.4. ಇವೆರಡನ್ನೇ ಹೋಲಿಸಿದರೆ 27% ಹೆಚ್ಚಳ ಬರುತ್ತೆ. ಎರಡೂ ಸುಳ್ಳಲ್ಲ. ಎರಡೂ ನಾವೇ ಅಳೆದದ್ದು. ದಿಕ್ಕು ಮಾತ್ರ ಬೇರೆ.

ಕಾಗದದ ಕೆಳಗಿನ ಸಣ್ಣ ಅಕ್ಷರ

ಡೈನೊ ಅಂದ್ರೆ ಕಾರಿನ ಚಕ್ರಗಳನ್ನು ದೊಡ್ಡ ರೋಲರ್ ಮೇಲೆ ನಿಲ್ಲಿಸಿ, ಬೆಲ್ಟ್ ಬಿಗಿದು, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಅಳೆಯುವ ಯಂತ್ರ. ಒಳ್ಳೆಯ ಯಂತ್ರವೇ. ಆದರೆ ಅದು ಅಳೆಯೋದು ಚಕ್ರದಲ್ಲಿರುವ ಶಕ್ತಿಯನ್ನು. ಗೇರ್‌ಬಾಕ್ಸಿನಲ್ಲಿ, ಟೈರಿನಲ್ಲಿ ಇಷ್ಟು ಕಳೆದಿರಬಹುದು ಅಂತ ಸೇರಿಸಿ ಎಂಜಿನ್ನಿನ ಶಕ್ತಿ ಹೇಳುತ್ತೆ. ಆಮೇಲೆ ಹವಾಮಾನದ ತಿದ್ದುಪಡಿ ಬೇರೆ.

ಆ ಕಾಗದದ ಕೆಳಗಡೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇತ್ತು: ತಿದ್ದುಪಡಿ 1.13. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಅಳೆದ ಕಾರನ್ನೂ ಬೆಂಗಳೂರಿನಲ್ಲಿ ಅಳೆದ ಕಾರನ್ನೂ ಹೋಲಿಸಬೇಕಲ್ಲ, ಅದಕ್ಕೆ ಒಂದು ಒಪ್ಪಿತ ಹವೆಗೆ ಲೆಕ್ಕ ತಿರುಗಿಸುತ್ತಾರೆ. ಜರ್ಮನಿಯ ಹಳೆಯ ಡಿಐಎನ್ ಪದ್ಧತಿಯಲ್ಲಿ 20 ಡಿಗ್ರಿ, 1013 ಮಿಲಿಬಾರ್. ಅಮೆರಿಕದ ಎಸ್‌ಎಇ ಪದ್ಧತಿಯಲ್ಲಿ 25 ಡಿಗ್ರಿ, 990 ಮಿಲಿಬಾರ್. ಬೆಂಗಳೂರಿನ ಒತ್ತಡ 910ರ ಆಸುಪಾಸು. ಹಾಗಾಗಿ ಯಾವ ಪದ್ಧತಿ ಹಿಡಿದರೂ ಅಳೆದ ಸಂಖ್ಯೆಗೆ ಸುಮಾರು ಹತ್ತು ಶೇಕಡಾ ಸೇರುತ್ತೆ.

ಟರ್ಬೊ ಇಲ್ಲದ ಕಾರಿಗೆ ಇದು ನ್ಯಾಯ. ಟರ್ಬೊ ಕಾರಿಗೆ ಅಷ್ಟು ನ್ಯಾಯ ಅಲ್ಲ. ಗಾಳಿ ತೆಳುವಾದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ, ಎಂಜಿನ್‌ಗೆ ಬೇಕಾದ ಒತ್ತಡವನ್ನು ಬಹುಮಟ್ಟಿಗೆ ತುಂಬಿಕೊಡುತ್ತೆ. ಕಳೆದೇ ಇಲ್ಲದ್ದನ್ನು ಮತ್ತೆ ಸೇರಿಸಿದ ಹಾಗಾಗುತ್ತೆ.

ಈಗ ಗಂಟು ಬಿಚ್ಚಿತು. 143 ಅನ್ನೋದು ಡೈನೊ ಮೇಲೆ ಅಳೆದು 13% ಸೇರಿಸಿದ ಸಂಖ್ಯೆ. 110 ಅನ್ನೋದು ಕಂಪನಿಯ ಬ್ರೋಷರಿನಿಂದ ತಗೊಂಡ ಸಂಖ್ಯೆ. ಇವನ ಕಾರನ್ನು ರೀಮ್ಯಾಪಿಗೆ ಮುಂಚೆ ಆ ರೋಲರ್ ಮೇಲೆ ನಿಲ್ಲಿಸಿಯೇ ಇರಲಿಲ್ಲ. ಮೊದಲಿನದು ಒಂದು ತಕ್ಕಡಿ, ಆಮೇಲಿನದು ಇನ್ನೊಂದು ತಕ್ಕಡಿ.

ಹತ್ತು ದಿನದ ಗಡುವು ಮುಗಿಯುವ ಮುಂಚೆ, ಶನಿವಾರ, ಇಬ್ಬರೂ ಆ ಅಂಗಡಿಗೆ ಹೋದೆವು. ಜಗಳಕ್ಕಲ್ಲ. ಒಂದೇ ಬೇಡಿಕೆ: "ಸರ್, ಕಂಪನಿ ಮ್ಯಾಪ್ ಮತ್ತೆ ಹಾಕಿ, ಇದೇ ಡೈನೊ ಮೇಲೆ ಒಂದು ಓಟ ಓಡಿಸ್ತೀರಾ? ಅದಾದ ಮೇಲೆ ನಿಮ್ಮ ಮ್ಯಾಪ್ ಹಾಕಿ ಇನ್ನೊಂದು."

ಅಲ್ಲಿದ್ದವರು ಮೊದಲು ಸ್ವಲ್ಪ ಗೊಣಗಿದರು. "ಎಲ್ಲರೂ ಬ್ರೋಷರ್ ನಂಬರೇ ಹಾಕೋದು ಮೇಡಂ" ಅಂದರು. ಆಮೇಲೆ ಅವರಿಗೂ ಕುತೂಹಲ ಹುಟ್ಟಿತು ಅಂತ ಕಾಣುತ್ತೆ, ಒಪ್ಪಿದರು. ಕಾರಿನ ಮುಂದೆ ದೊಡ್ಡ ಫ್ಯಾನು ಇಟ್ಟರು, ಎಂಜಿನ್ನಿನ ಬಿಸಿ ಒಂದೇ ಮಟ್ಟಕ್ಕೆ ಬರುವವರೆಗೆ ಕಾದರು. ಕಂಪನಿ ಮ್ಯಾಪಿನಲ್ಲಿ ಬಂದದ್ದು 122. ಅವರ ಮ್ಯಾಪಿನಲ್ಲಿ ಮತ್ತೆ 143.

122ರಿಂದ 143. ಹೆಚ್ಚಿದ್ದು 21. ಶೇಕಡಾ ಲೆಕ್ಕದಲ್ಲಿ 17.

ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲು ನೋಡಿಕೊಂಡು ಅಳೆದದ್ದೂ 17, ಲಕ್ಷಾಂತರ ರೂಪಾಯಿಯ ಯಂತ್ರ ಹೇಳಿದ್ದೂ 17. ತಮ್ಮ ನನ್ನ ಕಡೆ ನೋಡಿದ. ಆ ಅಂಗಡಿಯವರ ಕೆಲಸ ಕೆಟ್ಟದ್ದಾಗಿರಲಿಲ್ಲ. ಅವರ ಮ್ಯಾಪ್ ನಿಜವಾಗಿ ಶಕ್ತಿ ಕೊಟ್ಟಿತ್ತು. ಕಾಗದದ ಮೇಲಿನ ಬಾಣದ ಗುರುತು ಮಾತ್ರ ಎರಡು ಬೇರೆ ಊರಿನ ಸಂಖ್ಯೆಗಳನ್ನು ಜೋಡಿಸಿತ್ತು.

ಹದಿನೇಳಕ್ಕೆ ಏನು ಬೆಲೆ?

ಆವತ್ತು ಸಂಜೆಯೊಳಗೆ ತೀರ್ಮಾನ ಮಾಡಬೇಕಿತ್ತು. 17% ಬೇಕಾ, 38 ಸಾವಿರ ವಾಪಸ್ ಬೇಕಾ?

ಕೂತು ಲೆಕ್ಕ ಹಾಕಿದೆವು. ಶಕ್ತಿ 17% ಹೆಚ್ಚಿದರೆ ಗರಿಷ್ಠ ವೇಗ 17% ಹೆಚ್ಚಲ್ಲ. ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತೆ, ಹಾಗಾಗಿ ಸಿಗೋದು ಹೆಚ್ಚೆಂದರೆ 5%. ಅದನ್ನು ಹೊಸದುರ್ಗ-ಹಿರಿಯೂರು ರಸ್ತೆಯಲ್ಲಿ ಎಲ್ಲಿ ಬಳಸೋದು? ಲಾಭ ಇರೋದು ಓವರ್‌ಟೇಕಿನಲ್ಲಿ. ಕ್ಲಚ್ಚು, ಗೇರ್‌ಬಾಕ್ಸು, ಬ್ರೇಕು ಎಲ್ಲ ಹಳೆಯದೇ.

ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. ಎಂಜಿನ್ನಿನಲ್ಲಿ ಏನೇ ಬದಲಾವಣೆ ಮಾಡಿದರೂ ಮೊದಲೇ ತಿಳಿಸಬೇಕು, ತಿಳಿಸದಿದ್ದರೆ ಕ್ಲೇಮು ನಿರಾಕರಿಸಬಹುದು ಅಂದರು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂತು. ಇದೆಲ್ಲ ಅವನಿಗೆ ಓದಿ ಹೇಳಿದೆ, ತೀರ್ಮಾನ ಅವನಿಗೇ ಬಿಟ್ಟೆ. ಕಾರು ಅವನದು, ದುಡ್ಡೂ ಅವನದು.

ಅಪ್ಪನಿಗೂ ಫೋನ್ ಮಾಡಿ ಕೇಳಿದ. ಅಪ್ಪ ಪೂರ್ತಿ ಕಥೆ ಕೇಳಿ ಅಂದದ್ದು ಇಷ್ಟೇ: "ಬೋರಲ್ಲಿ ಎರಡಿಂಚು ನೀರೈತೆ ಅಂದ್ಮೇಲೆ ಹತ್ತು ಎಚ್‌ಪಿ ಇಳಿಸಿದ್ರೂ ಬರೋದು ಎರಡಿಂಚೇ ಕಣಪ್ಪ. ನಿನ್ ರಸ್ತೇಲಿ ಎಷ್ಟ್ ಇಂಚೈತೆ ನೋಡ್ಕೊ."

ತಮ್ಮ ಅರ್ಧ ಗಂಟೆ ಆ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ. ಎರಡು ಟೀ ಕುಡಿದ. ಆಮೇಲೆ ಹೋಗಿ ಕಂಪನಿ ಮ್ಯಾಪ್ ಹಾಕಿಸಿಕೊಂಡು ಹಣ ವಾಪಸ್ ತಗೊಂಡ. ಅವರೂ ಮಾತಿನಂತೆ ಕೊಟ್ಟರು. ವಾಪಸ್ ಬರುವಾಗ ತುಮಕೂರು ದಾಟೋವರೆಗೆ ಮಾತಾಡಲಿಲ್ಲ. ಆಮೇಲೆ ಅಂದ, "33 ಅಂತ ಇದ್ದಾಗ ಬೇಕಿತ್ತಕ್ಕ. 21 ಅಂತ ಮೊದಲೇ ಹೇಳಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ."

ಬೇರೆಯವರಿಗೆ 21 ಸಾಕು ಅನಿಸಬಹುದು. ಅದು ಅವರವರ ಇಷ್ಟ, ಅವರವರ ಜೇಬು. ಆದರೆ ತೀರ್ಮಾನ ಮಾಡುವಾಗ ಕೈಯಲ್ಲಿ ಇರಬೇಕಾದ್ದು 21. ಅದರ ಬದಲು 33 ಇದ್ದರೆ ಅವನು ಸ್ಟೇಜ್ 2ರ ಸಾಲಕ್ಕೂ ಸಹಿ ಹಾಕುತ್ತಿದ್ದ.

ನೀವು ಮಾಡಿಸೋದಾದರೆ

ಈಗ ತಮ್ಮನ ಸ್ನೇಹಿತರು ನನಗೇ ಮೆಸೇಜ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಹೇಳೋದು ಇಷ್ಟನ್ನೇ.

ಮೊದಲಿನ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿ. ನಿಮ್ಮದೇ ಕಾರನ್ನು, ಅದೇ ಡೈನೊ ಮೇಲೆ, ಅದೇ ದಿನ ಅಳೆದದ್ದಾಗಿರಬೇಕು.

ಎರಡು ಓಟಕ್ಕೂ ತಿದ್ದುಪಡಿ ಸಂಖ್ಯೆ ಒಂದೇ ಇದೆಯಾ ನೋಡಿ. ತಿದ್ದದೆ ಇರುವ ಸಂಖ್ಯೆಯನ್ನೂ ಮುದ್ರಿಸಿ ಕೊಡೋಕೆ ಹೇಳಿ.

ಒಂದೇ ಓಟದ ಕಾಗದ ತಗೋಬೇಡಿ. ಮೂರು ಓಟ ಕೇಳಿ. ಮೂರರ ಮಧ್ಯೆ ಎಷ್ಟು ಏರುಪೇರು ಇದೆಯೋ ಅದಕ್ಕಿಂತ ಸಣ್ಣ ಹೆಚ್ಚಳಕ್ಕೆ ಅರ್ಥವಿಲ್ಲ.

ತುದಿಯ ಒಂದು ಸಂಖ್ಯೆ ನೋಡಬೇಡಿ, ಗೆರೆ ಪೂರ್ತಿ ನೋಡಿ. ನೀವು ದಿನಾ ಓಡಿಸೋದು 2,000ದಿಂದ 4,000 ಆರ್‌ಪಿಎಂನಲ್ಲಿ. ಅಲ್ಲಿ ಎಷ್ಟು ಹೆಚ್ಚಿದೆ ಅನ್ನೋದು ಮುಖ್ಯ.

ಅಳತೆಯ ನಡುವೆ ಒಂದೇ ವಿಷಯ ಬದಲಾಗಬೇಕು. ಮ್ಯಾಪ್ ಜೊತೆಗೆ ಫಿಲ್ಟರು, ಪೆಟ್ರೋಲು, ಟೈರು ಎಲ್ಲ ಬದಲಾಯಿಸಿದರೆ ಯಾವುದರಿಂದ ಎಷ್ಟು ಅಂತ ಯಾರೂ ಹೇಳಲಾರರು.

ಇನ್ನು ರಸ್ತೆಯಲ್ಲಿ ಅಳೆಯೋ ಆಸೆ ಇದ್ದರೆ ವೇಗದ ಮಿತಿಯೊಳಗೇ ಅಳೆಯಿರಿ, ಎರಡೂ ದಿಕ್ಕಿಗೆ ಓಡಿಸಿ, ಅಂಕೆ ನೋಡೋಕೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಗಾಡಿ ಓಡಾಟ ಇರುವ ಹೊತ್ತಿನಲ್ಲಿ ಬೇಡ.

ವಾಪಸ್ ಬಂದ 38 ಸಾವಿರದಲ್ಲಿ ತಮ್ಮ ನಾಲ್ಕು ಹೊಸ ಟೈರು, ಮುಂದಿನ ಬ್ರೇಕ್ ಪ್ಯಾಡು ಹಾಕಿಸಿದ. ಉಳಿದದ್ದು ಅಂಗಡಿಗೆ ಹೋಯ್ತು. ಹೋದ ವಾರ ಫೋನ್ ಮಾಡಿದ್ದ. ಹೊಸ ಟೈರು ಹಾಕಿದ ಮೇಲೆ ಮೈಲೇಜ್ ಒಂದೂವರೆ ಕಿಲೋಮೀಟರ್ ಜಾಸ್ತಿ ಆಗಿದೆ ಅಂತ ಟೈರ್ ಅಂಗಡಿಯವನು ಹೇಳಿದನಂತೆ.

"ಮೊದಲು ಎಷ್ಟಿತ್ತು ಅಂತ ಅವನಿಗೆ ಹೆಂಗೆ ಗೊತ್ತು ಅಂತ ಕೇಳ್ದೆ ಅಕ್ಕ" ಅಂದ. "ಉತ್ತರಾನೇ ಕೊಡ್ಲಿಲ್ಲ."